ನಾನು ಮಾಡಿದ ಕಾನೂನು

ಒಲೆಯನ್ನು ರಸ್ತೆಯ ಕಡೆಯಿಂದ ತೆಗೆದು ಒಳಕೋಣೆಗೆ ಹಾಕಬೇಕೆಂದು ಯಾವ ಸಾಹೇಬರೂ ಹೇಳಿರಲಿಲ್ಲ. ಹೇಳಿದ್ದಾರೆಂದು ನಾನು ದುರುಗಮ್ಮನಿಗೆ ಹೇಳಿದೆ. ಅವಳು ನಂಬಿದಳು. ನನ್ನ ತಪ್ಪು ಇಷ್ಟೇ — ಇಷ್ಟೇ ಅಂದರೆ ಸಣ್ಣದು ಅಂತಲ್ಲ, ಹೇಳಲು ಇಷ್ಟು ಮಾತು ಸಾಕು ಅಂತ.

ಬರೆಯಲು ಕುಳಿತರೆ ಅಳು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ಮೇಲೆ ದವಡೆ ಇದ್ದೂ ಇಲ್ಲದ ಹಾಗೆ ಇರುತ್ತದಲ್ಲ, ಒಳಗೆಲ್ಲ ಹಾಗಿದೆ. ಆದ್ದರಿಂದ ನನ್ನಿಂದ ಎದೆ ಕಲಕುವ ಮಾತು ಯಾರೂ ನಿರೀಕ್ಷಿಸಬೇಡಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಡುವೆ ಎಲ್ಲಾದರೂ ನನ್ನ ಪರವಾಗಿ ಮಾತಾಡುವುದು ಕಂಡರೆ, ಆ ಭಾಗವನ್ನು ಬಿಟ್ಟು ಓದಿ.

ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದೊಂದು ಸಣ್ಣ ವೆಜ್ ಫಾಸ್ಟ್ ಫುಡ್ ಅಂಗಡಿ. ನಮ್ಮದು ಅಂದರೆ ನನ್ನದು ಮತ್ತು ದುರುಗಮ್ಮನದು, ಅರ್ಧ ಅರ್ಧ. ಅದಕ್ಕೂ ಮುಂಚೆ ನಾವಿಬ್ಬರೂ ಒಂದು ಕಾಲೇಜಿನ ಕ್ಯಾಂಟೀನಿನಲ್ಲಿ ಅಡಿಗೆ ಮಾಡುತ್ತಿದ್ದೆವು. ಅವಳ ತವರು ಗುಡೇಕೋಟೆ. ಮದುವೆಯಾದ ಹೊಸತರಲ್ಲಿ ಬಳ್ಳಾರಿಯಲ್ಲಿದ್ದು, ಅಲ್ಲಿ ಯಾರದೋ ಹೋಟೆಲಿನಲ್ಲಿ ಗೋಬಿ, ನೂಡಲ್ಸ್, ಫ್ರೈಡ್ ರೈಸ್ ಮಾಡುವುದು ಕಲಿತಿದ್ದಳು. ನಾನು ಚಿತ್ರಾನ್ನ, ಉಪ್ಪಿಟ್ಟಿನ ಹೆಂಗಸು. ಮಧ್ಯಾಹ್ನ ಇಬ್ಬರೂ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತಿದ್ದೆವು. ಈ ಮಾತನ್ನು ನಾನು ಆಗಾಗ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳುತ್ತಿದ್ದೆ. ಅವಳು ಎಂದೂ ಹೇಳಿಕೊಂಡದ್ದು ಕೇಳಿಲ್ಲ. ಇಬ್ಬರು ಗೆಳತಿಯರು ಒಂದೇ ತಟ್ಟೆಯಲ್ಲಿ ಉಂಡರೆ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಿತ್ತು ಅಂತ ಆಗ ನನಗೆ ಹೊಳೆಯಲಿಲ್ಲ.

ಬಿಡಿಸಿಯೇ ಹೇಳುತ್ತೇನೆ. ದುರುಗಮ್ಮ ದಲಿತರ ಮನೆಯವಳು. ನಾವು ಲಿಂಗಾಯತರು. ನಮ್ಮ ಓಣಿಯಲ್ಲಿ ಇದನ್ನು ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ. "ಆ ಕಡಿಯಾರು" ಅಂದು ಸುಮ್ಮನಾಗುತ್ತಾರೆ. ನಾನೂ ಹಾಗೆ ಅನ್ನುತ್ತ ಬೆಳೆದವಳೇ.

ಕ್ಯಾಂಟೀನು ಮುಚ್ಚಿತು. ಏನು ಮಾಡುವುದು ಅಂತ ನಾನು ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ ಅಂಗಡಿಯ ಯೋಚನೆ ಹೊಳೆದದ್ದು ಅವಳಿಗೆ.

"ಗಂಗಕ್ಕ, ಈ ಊರಾಗ ಗೋಬಿ ತಿನ್ನಬೇಕಂದ್ರ ಎಗ್ ರೈಸ್ ಗಾಡಿಗೇ ಹೋಗಬೇಕು. ನಿಮ್ಮಂದಿ ಅದನ್ನ ನೋಡಿ ಮೂಗು ಮುಚ್ಕೆಂಡು ದೂರ ಹೊಕ್ಕಾರ. ಆದ್ರ ಅವರ ಮಕ್ಕಳಿಗೂ ಗೋಬಿ ಬೇಕು. ನಾವು ಬರೇ ವೆಜ್ ಮಾಡಾನ. ನಿಂದು ಗಲ್ಲಾ, ನಂದು ಬಾಣಲಿ."

ಶುದ್ಧ ಸಸ್ಯಾಹಾರಿ ಎಂಬ ಬೋರ್ಡು ಬರೆಸಬೇಕೆಂದದ್ದೂ ಅವಳೇ. ಮನೆಯಲ್ಲಿ ಕೋಳಿ ಬೇಯಿಸಿದ ದಿನ ತಲೆಯಿಂದ ನೀರು ಹಾಕಿಕೊಂಡೇ ಅಂಗಡಿಗೆ ಬರುತ್ತಿದ್ದಳು. ನಾನು ಕೇಳಿದ್ದಲ್ಲ. ಬೇಡ ಅಂತಲೂ ಅನ್ನಲಿಲ್ಲ.

ಮೊದಲು ತಳ್ಳುಗಾಡಿಯಲ್ಲಿ ಶುರು ಮಾಡಿದೆವು. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗಾಡಿ ನಿಲ್ಲಿಸಿದರೆ ವಾಹನಗಳಿಗೆ ಅಡ್ಡ ಅಂದರು. ಸರಿದು ನಿಂತರೆ ಆ ಜಾಗ ಇನ್ನೊಬ್ಬರದು ಅಂದರು. ಬೀದಿ ವ್ಯಾಪಾರದ ಗುರುತಿನ ಚೀಟಿ ಮಾಡಿಸಿ ಅಂದರು. ಮಾಡಿಸಲು ಹೋದರೆ ಈ ಸಲದ್ದು ಮುಗಿದಿದೆ, ಮುಂದಿನ ಸಲ ಬನ್ನಿ ಅಂದರು. ಸಾಕಪ್ಪಾ ಸಾಕು ಅಂತ ಒಂದು ಮಳಿಗೆ ಬಾಡಿಗೆಗೆ ಹಿಡಿದೆವು. ಆಗ ಶುರುವಾಯಿತು ನೋಡಿ ನಿಜವಾದ ಓಡಾಟ. ಪರವಾನಗಿಗೆ ಅಂಗಡಿಯ ಕರೆಂಟ್ ಬಿಲ್ಲು ಬೇಕು ಅಂದರು. ಕರೆಂಟಿನವರು, ಅಂಗಡಿ ಮೀಟರು ಬೇಕಾದರೆ ಪರವಾನಗಿ ತನ್ನಿ ಅಂದರು. ಕೋಳಿ ಮೊದಲೋ ಮೊಟ್ಟೆ ಮೊದಲೋ ಅಂತ ನಾನು ಗೊಣಗಿದರೆ ದುರುಗಮ್ಮ, "ಅಕ್ಕ, ನಮ್ದು ವೆಜ್ಜು, ಎರಡೂ ಬ್ಯಾಡ" ಅಂದಳು. ಆ ಆಫೀಸಿನ ಮೆಟ್ಟಿಲ ಮೇಲೆ ಕುಳಿತು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ನೀರಿನ ಪರೀಕ್ಷೆಗೆ ಬಾಟಲಿ ಹಿಡಿದು ಹೊಸಪೇಟೆಗೆ ಹೋದೆವು. ಮನೆಯ ಸಿಲಿಂಡರ್ ಉರಿಸಬಾರದು, ಅಂಗಡಿಯದೇ ಬೇಕು ಅಂದರು, ತಂದೆವು. ಗೋಬಿಗೆ ಕೆಂಪು ಬಣ್ಣ ಹಾಕುವ ಹಾಗಿಲ್ಲ ಅಂದರು. ಇದೊಂದು ಮಾತ್ರ ನಮಗೆ ನಿಜವಾಗಿ ದಿಗಿಲು ಹುಟ್ಟಿಸಿತು, ಏಕೆಂದರೆ ನಮ್ಮ ಮಂದಿ ಗೋಬಿಯನ್ನು ನಾಲಿಗೆಯಿಂದ ತಿನ್ನುವುದಕ್ಕಿಂತ ಮೊದಲು ಕಣ್ಣಿನಿಂದ ತಿನ್ನುತ್ತಾರೆ. ದುರುಗಮ್ಮ ಬ್ಯಾಡಗಿ ಮೆಣಸಿನಕಾಯಿ ಬಿಸಿನೀರಿನಲ್ಲಿ ನೆನೆಹಾಕಿ, ಬೀಜ ತೆಗೆದು, ನುಣ್ಣಗೆ ರುಬ್ಬಿ ಹಿಟ್ಟಿಗೆ ಕಲಸಿದಳು. ಬಣ್ಣ ಬಂತು, ಖಾರ ಅಳತೆಯಲ್ಲಿ ಉಳಿಯಿತು. ಆಮೇಲೆ ಗಿರಾಕಿಗಳು ಇದರ ಗುಟ್ಟು ಕೇಳಿದಾಗ ಗಲ್ಲಾದ ಮುಂದೆ ಕುಳಿತ ನಾನೇ ವಿವರಿಸುತ್ತಿದ್ದೆ — "ನಾವು ಮೆಣಸಿನಕಾಯಿ ನೆನಸ್ತೀವ್ರಿ" ಅಂತ. ನಾವು.

ಹೀಗೆ ನಿಯಮದ ಮೇಲೆ ನಿಯಮ ಬಂದು, ಇನ್ನೊಂದು ಬಂದರೂ ಯಾಕೆ ಅಂತ ಕೇಳದ ಸ್ಥಿತಿಗೆ ನಾವು ಬಂದಿದ್ದೆವು. ಇದನ್ನು ನೆನಪಿಡಿ. ಇದನ್ನೇ ನಾನು ಬಳಸಿಕೊಂಡದ್ದು.

ನಮ್ಮ ಕಡೆ ಮಂಡಕ್ಕಿ-ಮಿರ್ಚಿ ಅಂಗಡಿಯಾಗಲಿ, ಮತ್ತೆ ಯಾವ ಕರಿಯುವ ಅಂಗಡಿಯಾಗಲಿ, ಒಲೆ ಇರುವುದು ಮುಂದೆ, ರಸ್ತೆಗೆ ಮುಖಮಾಡಿ. ಎಣ್ಣೆಯ ವಾಸನೆ ಗಿರಾಕಿಯನ್ನು ಕರೆಯುತ್ತದೆ, ಕರಿಯುವವರ ಕೈ ಅವರನ್ನು ನಿಲ್ಲಿಸುತ್ತದೆ. ಕೈ ನೋಡಿದ ಮೇಲೆ ಮುಖ ನೋಡುತ್ತಾರೆ. ಮುಖ ಹೊಸದಾದರೆ ಕೇಳುತ್ತಾರೆ — ಯಾವೂರು? ಯಾರ ಪೈಕಿ? ಇದು ಜಗಳದ ಮಾತಲ್ಲ. ನಗುನಗುತ್ತಲೇ ಕೇಳುತ್ತಾರೆ, ಉತ್ತರ ಸಿಕ್ಕ ಮೇಲೂ ನಗುತ್ತಲೇ ಇರುತ್ತಾರೆ, ತಿನ್ನುವುದೋ ಬಿಡುವುದೋ ಒಳಗೊಳಗೇ ತೀರ್ಮಾನವಾಗಿರುತ್ತದೆ.

ದುರುಗಮ್ಮ ಮುಂದೆಯೇ ನಿಂತಳು. ಬಾಣಲೆ ಎತ್ತಿ ನೂಡಲ್ಸ್ ಹಾರಿಸುವಾಗ ಟ್ಯೂಷನ್ ಬಿಟ್ಟು ಬಂದ ಹುಡುಗಿಯರು ಹೋ ಅನ್ನುತ್ತಿದ್ದರು. ಅವಳಿಗೆ ಅದು ಬಹಳ ಇಷ್ಟ. ಬೇಕಂತಲೇ ಇನ್ನೊಮ್ಮೆ ಹಾರಿಸುತ್ತಿದ್ದಳು. ತನ್ನ ತಾಯಿ ಹನುಮವ್ವನಿಗೆ ಗುಡೇಕೋಟೆಗೆ ಫೋನು ಮಾಡಿ, "ಅವ್ವಾ, ನಾ ರಸ್ತಿಗೆ ಕಾಣಂಗ ನಿಂತಿರ್ತೀನಿ, ಬಸ್ಸಿನಾಗ ಹೋಗಾರೆಲ್ಲ ನನ್ನ ನೋಡ್ತಾರ" ಅಂತ ಹೇಳುವುದನ್ನು ನಾನೇ ಕೇಳಿದ್ದೇನೆ.

ಒಂದು ಸಂಜೆ ನಮಗೆ ಪರಿಚಯದವರೊಬ್ಬರು ಮಕ್ಕಳಿಗೆ ಗೋಬಿ ಕಟ್ಟಿಸಿಕೊಂಡರು. ಹೊರಡುವಾಗ ಗಲ್ಲಾದ ಹತ್ತಿರ ಬಗ್ಗಿ ಕೇಳಿದರು: "ಒಲಿ ಮುಂದ ಇರಾಕಿ ಯಾರ ಪೈಕಿ?"

"ಗುಡೇಕೋಟಿ ಕಡಿಯಾಕ್ರಿ" ಅಂದೆ. ಅವರು ಕೇಳಿದ್ದು ಊರಲ್ಲ ಎಂದು ನನಗೂ ಗೊತ್ತು, ನಾನು ಜಾರಿಕೊಂಡೆ ಎಂದು ಅವರಿಗೂ ಗೊತ್ತು. ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ. ಬೇರೆ ಊರಿಗೇನಾದರೂ ಹೋಗಿದ್ದರೋ, ಮಕ್ಕಳಿಗೆ ಹೊಟ್ಟೆ ಕೆಟ್ಟಿತ್ತೋ — ನಾನು ವಿಚಾರಿಸಲಿಲ್ಲ. ಅವರು ಬರದ ಕಾರಣ ಇದೇ ಅಂತ ನಾನೇ ನಿಶ್ಚಯಿಸಿಬಿಟ್ಟೆ.

ಮಳಿಗೆಯ ಮೇಲೆ ಅದರ ಮಾಲೀಕರ ಮನೆ. ವಯಸ್ಸಾದ ಹೆಂಗಸು, ಎಲ್ಲರೂ ಅಮ್ಮಾರು ಅನ್ನುತ್ತಿದ್ದರು. ಪರವಾನಗಿಗೆ ಬೇಕಾದ ಒಪ್ಪಿಗೆಯನ್ನು ಅವರು ಆಗಲೇ ಕೊಟ್ಟಿದ್ದರು. ಆ ದಿನಗಳಲ್ಲೇ ಒಮ್ಮೆ ಮೆಟ್ಟಿಲಿಳಿದು ಬಂದು, "ಮುಂದ ಯಾರು ನಿಂತಾರ ಅಂತ ಮಂದಿ ನೋಡೇ ನೋಡ್ತಾರವ್ವ. ನನಗೇನಿಲ್ಲ, ನಿನ್ನ ವ್ಯಾಪಾರಕ್ಕ ಹೇಳಿದೆ" ಅಂದರು. ಅಷ್ಟೇ. ಖಾಲಿ ಮಾಡು ಅನ್ನಲಿಲ್ಲ, ಅವಳನ್ನು ಬಿಡಿಸು ಅನ್ನಲಿಲ್ಲ. ಬಹಳ ದಿನ ಈ ಅಮ್ಮಾರ ಮೇಲೆ ತಪ್ಪು ಹೊರಿಸಿ ನಾನು ಹಗುರಾಗಲು ನೋಡಿದೆ. ಆಗುವುದಿಲ್ಲ. ಅವರು ಹೇಳಿದ್ದು ಒಂದು ಮಾತು. ಮಾಡಿದವಳು ನಾನು.

ಪರಿಶೀಲನೆಗೆ ಸಾಹೇಬರು ಬಂದ ದಿನ ದುರುಗಮ್ಮ ಅಂಗಡಿಯಲ್ಲಿರಲಿಲ್ಲ. ಅಡಿಗೆ ಮಾಡುವವರಿಗೆ ಆರೋಗ್ಯದ ಸರ್ಟಿಫಿಕೇಟು ಬೇಕಲ್ಲ, ಅದಕ್ಕೆ ಆಸ್ಪತ್ರೆಗೆ ಹೋಗಿದ್ದಳು. ಸಾಹೇಬರು ಒಳ್ಳೆಯ ಮನುಷ್ಯ. ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು, ನೀರಿನ ಡ್ರಮ್ಮಿನಲ್ಲಿ ಇಣುಕಿದರು, ಒಲೆಯ ಮುಂದೆ ನಿಂತು ರಸ್ತೆ ನೋಡಿದರು.

"ಧೂಳು ಬೀಳ್ತೈತ್ರಿ ಇಲ್ಲಿ. ಒಲಿ ಮುಂದ ಒಂದು ಗಾಜು ಹಾಕ್ಸ್ರಿ. ತಲಿಗೆ ಟೋಪಿ ಹಾಕ್ಕಳ್ರಿ. ಮತ್ತೇನಿಲ್ಲ."

ಮತ್ತೇನಿಲ್ಲ. ಆಫೀಸಿನವರ ಬಾಯಿಂದ ಅಷ್ಟು ತಿಂಗಳಲ್ಲಿ ಬಂದ ಅತ್ಯಂತ ಸುಲಭದ ನಿಯಮ ಅದು. ನಾನು ಅವತ್ತೇ ಗಾಜಿನ ಅಂಗಡಿಗೆ ಹೋಗಿ ಅಳತೆ ಕೊಟ್ಟು ಬಂದೆ — ಹೌದು, ಕೊಟ್ಟು ಬಂದೆ. ದಾರಿಯಲ್ಲಿ ನಡೆಯುತ್ತ ಬರುವಾಗ ನನ್ನ ತಲೆಗೆ ಬಂದದ್ದು, ಗಾಜು ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತಾಳೆ ಎಂಬುದು. ಮುಂದಿನದನ್ನು ಯೋಚಿಸಿದ ನೆನಪಿಲ್ಲ. ಮನುಷ್ಯರು ಇಂಥದ್ದನ್ನು ರಾತ್ರಿಯೆಲ್ಲ ಹೊರಳಾಡಿ ಮಾಡುತ್ತಾರೆ ಅಂತ ಕೇಳಿದ್ದೇನೆ. ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಅವಳು ಹೂಕೋಸು ಬಿಡಿಸುತ್ತಿದ್ದಾಗ ಹೇಳಿದೆ: "ಸಾಹೇಬ್ರು ಬಂದಿದ್ರು. ಒಲಿ ಒಳಗ ಇಡಬೇಕಂತ. ಅಡಿಗಿ ಮಾಡಾರು ರಸ್ತಿಗೆ ಕಾಣಬಾರದಂತ. ಹೊಸಾ ರೂಲು."

ಅವಳು ತಲೆಯೆತ್ತಿದಳು. "ಕಾಣಬಾರದಾ? ನಾವೇನು ಕಳ್ಳತನ ಮಾಡ್ತೀವೇನು?" ಆಮೇಲೆ ನಕ್ಕಳು. "ಇರ್ಲಿ ಬಿಡಕ್ಕ. ಇಷ್ಟೆಲ್ಲ ಕೇಳೀವಿ, ಇದೊಂದ್ಯಾಕ ಬಿಡಬೇಕು."

ಒಲೆಯ ಒಂದು ಕಡೆ ಅವಳು ಹಿಡಿದಳು, ಇನ್ನೊಂದು ಕಡೆ ನಾನು. ಒಳಗೆ ಇಟ್ಟೆವು. ಗಾಜಿನ ಅಂಗಡಿಗೆ ಹೋಗಿ ಬೇಡ ಅಂದು ಬಂದೆ.

ಒಳಕೋಣೆ ಅಂದರೆ ಸಾಮಾನು ಇಡುವ ಜಾಗ. ಕಿಟಕಿ ಇಲ್ಲ. ಹಿಂದೆ ಒಂದು ಬಾಗಿಲು, ಅದನ್ನು ತೆಗೆದರೆ ಚರಂಡಿಯ ಸಂದಿ. ಮುಂದಿನ ಬಾಗಿಲಿಗೆ ಒಂದು ಪರದೆ ಹಾಕಿದೆ. ಪಕ್ಕದ ಗೋಡೆಯಲ್ಲಿ ತಟ್ಟೆ ಕೊಡುವಷ್ಟು ಒಂದು ಕಿಂಡಿ ಒಡೆಸಿದೆ. ಅವಳು ಅಲ್ಲಿಂದ ತಟ್ಟೆ ಚಾಚುತ್ತಿದ್ದಳು, ನಾನು ತೆಗೆದುಕೊಂಡು ಗಿರಾಕಿಗೆ ಕೊಡುತ್ತಿದ್ದೆ. ಗಿರಾಕಿಗೆ ಕಾಣುತ್ತಿದ್ದದ್ದು ನನ್ನ ಮುಖ, ನನ್ನ ಹಣೆಯ ವಿಭೂತಿ. ವ್ಯಾಪಾರ ಏರಿತು. ಒಲೆ ಒಳಗೆ ಹೋದದ್ದಕ್ಕೆ ಏರಿತೋ, ಮದುವೆಗಳ ಕಾಲ ಬಂದದ್ದಕ್ಕೆ ಏರಿತೋ ಇವತ್ತಿಗೂ ಗೊತ್ತಿಲ್ಲ. ನಾನು ಮಾತ್ರ ನನ್ನ ಜಾಣತನಕ್ಕೇ ಅಂದುಕೊಂಡೆ. ಮಂದಿ "ಗಂಗಕ್ಕನ ಗೋಬಿ" ಅನ್ನಲು ಶುರು ಮಾಡಿದರು. ನಾನು ತಿದ್ದಲಿಲ್ಲ.

ಬಿಡದೆ ಒಂದು ಮಾತು ಹೇಳಬೇಕು. ಈ ಸುಳ್ಳು ನಿಯಮವನ್ನು ಅವಳಷ್ಟು ನಿಷ್ಠೆಯಿಂದ ಯಾರೂ ಯಾವ ನಿಜವಾದ ನಿಯಮವನ್ನೂ ಪಾಲಿಸಿರಲಿಕ್ಕಿಲ್ಲ. ಉಪ್ಪು ಮುಗಿದರೆ ಒಳಗಿನಿಂದಲೇ ಕೂಗುತ್ತಿದ್ದಳು, ಪರದೆ ದಾಟುತ್ತಿರಲಿಲ್ಲ. ಗಾಳಿಗೆ ಪರದೆ ಹಾರಿದರೆ, "ಸರಿ ಮಾಡಕ್ಕ, ಕಾಣ್ತೈತಿ. ಯಾರಾರ ನೋಡಿದ್ರ ನಿನ್ನ ಲೈಸನ್ಸು ಹೊಕ್ಕೈತಿ" ಅನ್ನುತ್ತಿದ್ದಳು. ನಿನ್ನ ಲೈಸನ್ಸು. ಹೆಸರು ನನ್ನದೇ ಇತ್ತು ನೋಡಿ. ಹೊಗೆಗೆ ಅವಳ ಕಣ್ಣು ಸದಾ ಕೆಂಪಗಿರುತ್ತಿದ್ದವು, ಕೆಮ್ಮು ಹಿಡಿಯಿತು. ನಾನು ಒಂದು ಟೇಬಲ್ ಫ್ಯಾನು ತಂದಿಟ್ಟೆ. ಅವಳು ಅದನ್ನು ನೋಡಿ ಸಂತೋಷಪಟ್ಟಳು. ಆ ಸಂತೋಷವನ್ನೂ ನಾನು ಕೈಚಾಚಿ ತೆಗೆದುಕೊಂಡೆ.

ನಾಚಿಕೆ ಆಗಲಿಲ್ಲವೇ ಅಂತ ಕೇಳಬಹುದು. ಮೊದಮೊದಲು ಕಿಂಡಿಯಲ್ಲಿ ಅವಳ ಕೈ ಕಂಡಾಗ ಏನೋ ಅನಿಸುತ್ತಿತ್ತು. ಆಮೇಲೆ ಅದೂ ಹೋಯಿತು. ಬಿಸಿ ತಟ್ಟೆ ಹಿಡಿದು ಹಿಡಿದು ಬೆರಳ ತುದಿ ಸುಡುವುದು ಗೊತ್ತಾಗದ ಹಾಗೆ ಆಗುತ್ತದಲ್ಲ, ಹಾಗೆ.

ಮಳೆಗಾಲ ಮುಗಿಯುತ್ತ ಬಂದಿದ್ದ ಒಂದು ದಿನ ಅವಳ ತಾಯಿ ಹನುಮವ್ವ ಬಂದಳು. ಗುಡೇಕೋಟೆಯಿಂದ ಕೂಡ್ಲಿಗಿಗೆ ಒಂದು ಬಸ್ಸು, ಅಲ್ಲಿಂದ ಇಲ್ಲಿಗೆ ಇನ್ನೊಂದು. ಕೈಯಲ್ಲಿ ಒಂದು ಚೀಲ ಗುಡ್ಡದ ಸೀತಾಫಲ. ಅಂಗಡಿಯ ಮುಂದೆ ರಸ್ತೆಯಲ್ಲೇ ನಿಂತು, ಬೋರ್ಡಿನ ಮೇಲೊಮ್ಮೆ ಕೆಳಗೊಮ್ಮೆ ನೋಡಿದಳು. ಮಗಳು ರಸ್ತೆಗೆ ಕಾಣುತ್ತಾಳೆ ಅಂತ ಫೋನಿನಲ್ಲಿ ಕೇಳಿದ್ದಳಲ್ಲ, ಅದನ್ನೇ ಹುಡುಕುತ್ತಿದ್ದಳು. ಒಲೆ ಒಳಗೆ ಹೋದದ್ದನ್ನು ದುರುಗಮ್ಮ ತಾಯಿಗೆ ಹೇಳಿರಲಿಲ್ಲ ಅಂತ ಕಾಣುತ್ತದೆ.

"ನಮ್ಮ ದುರುಗಿ ಎಲ್ಲಿ ಅದಾಳವ್ವ?" ಅಂತ ನನ್ನನ್ನು ಕೇಳಿದಳು.

"ಒಳಗ ಅದಾಳ" ಅಂದೆ.

ದನಿ ಕೇಳಿ ಒಳಗಿನಿಂದ ದುರುಗಮ್ಮ ಕೂಗಿದಳು: "ಅವ್ವಾ, ಬಂದ್ಯಾ! ನಾ ಹೊರಗ ಬರಂಗಿಲ್ಲವ್ವ, ಕಾನೂನೈತಿ. ನೀ ಆ ಸಂದಿ ಹಾದು ಹಿಂದಕ ಬಾ."

ಗಿರಾಕಿಗಳು ನಿಂತಿದ್ದರು. ಹನುಮವ್ವನಿಗೂ ಮಗಳಿಗೂ ನಡುವೆ ಇದ್ದದ್ದು ನನ್ನ ಕುರ್ಚಿ ಮತ್ತು ಒಂದು ಪರದೆ. ಇಲ್ಲೇ ಬಾರವ್ವ ಅಂದು ನಾನು ಪರದೆ ಸರಿಸಬಹುದಿತ್ತು. ಒಂದು ಮಾತಿನ ಕೆಲಸ, ಒಂದು ಕೈಯ ಕೆಲಸ. ನಾನು ಕೈ ತೋರಿಸಿದೆ — ಸಂದಿಯ ಕಡೆಗೆ. ಆ ಮುದುಕಿ ನನ್ನ ಕೈಯನ್ನು ನೋಡಿದಳು, ಆಮೇಲೆ ಮುಖವನ್ನು. ಚೀಲ ಎತ್ತಿಕೊಂಡು ಚರಂಡಿಯ ಪಕ್ಕ ಹಿಡಿದು ಹಿಂದಕ್ಕೆ ಹೋದಳು.

ಕಿಂಡಿಯಿಂದ ಎಲ್ಲ ಕೇಳುತ್ತಿತ್ತು.

"ಹಿತ್ತಲ ಬಾಗ್ಲಿಂದ ಬಂದು ಬಂದು ನನ್ನ ಜಲ್ಮ ಹೋತು. ನಿನಗ್ಯಾಕಲೇ ಇದು? ಇದ್ಯಾವ ಕಾನೂನೂ ಅಲ್ಲ ದುರುಗಿ. ಇದು ಆ ಹೆಣ್ಮಗಳು ಮಾಡಿದ್ದು."

"ಸುಮ್ನಿರವ್ವ."

"ನಾ ಕಂಡಿಲ್ಲೇನು ಇಂಥಾವು. ನಿನ್ನ ಮುಚ್ಚಿಟ್ಟಾಳ ಆಕಿ."

"ಸುಮ್ನಿರು ಅಂದ್ನೆಲ್ಲ. ಗಂಗಕ್ಕ ಹಂಗ ಮಾಡಾಕಿ ಅಲ್ಲ. ನಿಮ್ಮ ಕಾಲದ್ದೆಲ್ಲ ತಂದು ನನ್ನ ಮ್ಯಾಲ ಹಾಕಬ್ಯಾಡ. ಇಂಥಾ ಮಾತಾಡಾಕ ಬರದಾದ್ರ ನೀ ಬರಾದ ಬ್ಯಾಡ."

ನನ್ನ ಕೈಯಲ್ಲಿ ಒಂದು ಗೋಬಿ ತಟ್ಟೆ ಇತ್ತು. ಮುಂದೆ ನಿಂತ ಗಿರಾಕಿಯನ್ನು, "ಸಾಸ್ ಹಾಕ್ಲೇನ್ರಿ?" ಅಂತ ಕೇಳಿದೆ. ಹಾಕ್ರಿ ಅಂದರು. ಹಾಕಿದೆ.

ಹನುಮವ್ವ ಏನೂ ತಿನ್ನದೆ ಮಧ್ಯಾಹ್ನದ ಬಸ್ಸಿಗೇ ಹೊರಟುಹೋದಳು. ಸಂಜೆ ದುರುಗಮ್ಮ ಸೀತಾಫಲದಲ್ಲಿ ಅರ್ಧ ನನಗೆ ಕೊಟ್ಟಳು. ಅವಳ ಕಣ್ಣು ಕೆಂಪಗಿದ್ದವು, ಹೊಗೆಗೋ ಯಾತಕ್ಕೋ. "ಅವ್ವಗ ವಯಸ್ಸಾತು ಅಕ್ಕ, ಏನೇನೋ ಮಾತಾಡ್ತಾಳ" ಅಂದಳು, ನಾನು ಕೇಳಿಸಿಕೊಂಡಿರಬಹುದೆಂಬ ಸಂಕೋಚದಲ್ಲಿ. ಅವಳು ನನ್ನ ಹತ್ತಿರ ಸಂಕೋಚಪಟ್ಟಳು. ಮನೆಗೆ ಹೋಗಿ ಹಣ್ಣು ತಿಂದೆ. ಸಿಹಿಯಾಗಿತ್ತು.

ಹನುಮವ್ವ ಮತ್ತೆ ಬರಲಿಲ್ಲ. ತಾಯಿ-ಮಗಳ ನಡುವೆ ಫೋನೂ ಕಡಿಮೆಯಾಯಿತು. ಮರುವರ್ಷ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ದುರುಗಮ್ಮ ಮಣ್ಣಿಗೆ ಹೋಗಿ, ದಿನ ಮುಗಿಸಿಕೊಂಡು ಬಂದು, ಹಿಂದಿನ ಬಾಗಿಲು ತೆಗೆದು ಒಲೆ ಹಚ್ಚಿದಳು. ನಾನು ಎರಡು ಸಮಾಧಾನದ ಮಾತು ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ.

ಅದೇ ವರ್ಷ ಅವಳ ಗಂಡನಿಗೆ ಕೂಡ್ಲಿಗಿಯಲ್ಲಿ ಡ್ರೈವರ್ ಕೆಲಸ ಕಾಯಂ ಆಯಿತು. ಸಂಸಾರ ಅಲ್ಲಿಗೆ ಹೋಯಿತು. ಅವಳ ಪಾಲನ್ನು ಕೊಟ್ಟೆ, ಮನಸ್ತಾಪ ಇರಲಿಲ್ಲ. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ನೀ ಕಲಿಸಿದ್ದಕ್ಕ ನಾನೂ ಒಂದು ಅಂಗಡಿ ಹಾಕ್ತೀನಿ ನೋಡಕ್ಕ, ಆಫೀಸು ತಿರುಗಾಡದು ಈಗ ನನಗೂ ಬರ್ತೈತಿ" ಅಂದಳು. ಆಗ ಹೇಳಬಹುದಿತ್ತು. ಇನ್ನೇನು ಹೋಗುತ್ತಾಳಲ್ಲ, ಯಾಕೆ ಕೆದಕಬೇಕು ಅಂತ — ಇಲ್ಲ, ಹಾಗೂ ಯೋಚಿಸಲಿಲ್ಲ. ಹೇಳಲಿಲ್ಲ, ಅಷ್ಟೇ.

ಹೋದ ವರ್ಷ ಒಂದು ಮದುವೆಗೆ ಕೂಡ್ಲಿಗಿಗೆ ಹೋದವಳು ಅವಳ ಅಂಗಡಿ ಹುಡುಕಿಕೊಂಡು ಹೋದೆ. ಒಳ್ಳೆಯ ಜಾಗ. ಅಗಲ ರಸ್ತೆ, ಮುಂದೆ ಬೇವಿನ ಮರ. ಅಕ್ಕಪಕ್ಕದವರೆಲ್ಲ ಅವಳ ಗುರುತಿನವರೇ. ಅವಳು ಯಾರ ಪೈಕಿ ಅಂತ ಅಲ್ಲಿ ಯಾರೂ ಕೇಳಬೇಕಾಗಿರಲಿಲ್ಲ, ಕೇಳಿದರೂ ಅವಳಿಗೆ ಹೇಳಲು ಅಂಜಿಕೆ ಇರಲಿಲ್ಲ. ಗಲ್ಲಾದ ಹತ್ತಿರ ಅವಳ ನಾದಿನಿ ಕುಳಿತಿದ್ದಳು. ದುರುಗಮ್ಮ ಎಲ್ಲಿ ಅಂದೆ.

"ಒಳಗ ಅದಾಳ್ರಿ."

ಹಿಂದೆ ಒಂದು ಗೋಡೆ. ಹೊಸ ಗೋಡೆ, ಇಟ್ಟಿಗೆಯಿಂದ ಕಟ್ಟಿಸಿದ್ದು. ಅದರಲ್ಲಿ ಒಂದು ಕಿಂಡಿ. ಗೋಡೆಯ ಆಚೆ ಕಿಟಕಿ ಇಲ್ಲದ ಕತ್ತಲಲ್ಲಿ, ಬಲ್ಬಿನ ಕೆಳಗೆ, ಬೆವರು ಸುರಿಸುತ್ತ ಅವಳು ನಿಂತಿದ್ದಳು. ನನ್ನನ್ನು ಕಂಡು ಮುಖ ಅರಳಿತು. ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಂಡು, ಸುತ್ತ ಕೈ ತೋರಿಸಿ ಹೇಳಿದಳು:

"ನೋಡಕ್ಕ, ಒಂದು ರೂಲೂ ಬಿಟ್ಟಿಲ್ಲ ನಾನು. ಇಲ್ಲಿ ಎಲ್ಲಾರೂ ಒಲಿ ಮುಂದ ಇಟ್ಟಾರ. ನಾ ಹೇಳ್ತೀನಿ ಅವರಿಗೆ, ಒಂದಿನ ಸಾಹೇಬ್ರು ಬಂದ್ರ ಗೊತ್ತಕ್ಕೈತಿ ಅಂತ."

ತನ್ನದೇ ಅಂಗಡಿ. ತನ್ನದೇ ಹೆಸರಿನ ಲೈಸನ್ಸು. ಅವಳನ್ನು ಮರೆಮಾಡಬೇಕೆನ್ನುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ನಾನು ಇಲ್ಲಿಂದಲೇ ಮಾಡಿದ್ದೆ ಆ ಕೆಲಸ.

ಗೋಬಿ ಕೊಟ್ಟಳು, ತಿಂದೆ. ಚೆನ್ನಾಗಿದೆ ಅಂದೆ. ಬಸ್ಸು ಹಿಡಿದು ಬಂದೆ. ಅವತ್ತೂ ಹೇಳಲಿಲ್ಲ.

ಆದರೆ ಅದಾದ ಮೇಲೆ ನನ್ನ ಅಂಗಡಿಯಲ್ಲಿ ಕೈ ಆಡಲಿಲ್ಲ. ಉಪ್ಪು ಹಾಕಿದ್ದಕ್ಕೇ ಮತ್ತೆ ಹಾಕುತ್ತಿದ್ದೆ. ಮಂದಿ ಮಾತಾಡಿದರೆ ಎಲ್ಲೋ ದೂರದಿಂದ ಕೇಳಿದಂತಾಗುತ್ತಿತ್ತು. ಮೊನ್ನೆ ಒಂದು ದಿನ ಅಂಗಡಿ ತೆಗೆಯದೆ ಕೂಡ್ಲಿಗಿಯ ಬಸ್ಸು ಹತ್ತಿದೆ. ಮಧ್ಯಾಹ್ನದ ಹೊತ್ತು, ಗಿರಾಕಿಗಳಿರಲಿಲ್ಲ. ಅವಳು ಹಿಟ್ಟು ಕಲಸುತ್ತಿದ್ದಳು. ನಿಂತುಕೊಂಡೇ ಹೇಳಿದೆ.

"ದುರುಗಿ, ಒಲಿ ಒಳಗ ಇಡ್ರಿ ಅಂತ ಸಾಹೇಬ್ರು ಅಂದಿರಲಿಲ್ಲ. ಗಾಜು ಹಾಕ್ಸ್ರಿ ಅಂದಿದ್ರು. ರೂಲು ಮಾಡಿದ್ದು ನಾನು."

ಅವಳ ಕೈ ಹಿಟ್ಟಿನಲ್ಲಿ ಸ್ವಲ್ಪ ಹೊತ್ತು ಹಾಗೇ ತಿರುಗುತ್ತಿತ್ತು. ಆಮೇಲೆ ನಿಂತಿತು.

"ಯಾಕ?"

"ನಿನ್ನ ನೋಡಿದ್ರ ಮಂದಿ ಬರಂಗಿಲ್ಲ ಅಂತ."

"ಯಾರಂದ್ರು?"

"ಯಾರೂ ಅನ್ನಲಿಲ್ಲ."

ಬೈಯುತ್ತಾಳೆ ಅಂದುಕೊಂಡೆ. ಬೈಯಲಿ ಅಂತಲೇ ಹೋಗಿದ್ದೆ. ಬೈದರೆ ನನಗೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ. ಕೈಗೆ ಹತ್ತಿದ ಹಿಟ್ಟನ್ನು ಒಂದೊಂದೇ ಬೆರಳಿನಿಂದ ಪಾತ್ರೆಯ ಅಂಚಿಗೆ ಒರೆಸಿದಳು. ನನ್ನ ಕಡೆ ನೋಡದೆ ಕೇಳಿದಳು.

"ಅವ್ವ ಬಂದ ದಿನ, ನಾ ಆಕಿಗೆ ಬೈದದ್ದು ನಿನಗ ಕೇಳಿಸಿತ್ತೇನು?"

"ಕೇಳಿಸಿತ್ತು."

"ಆಕಿ ಅಂದದ್ದೂ?"

"ಅದೂ ಕೇಳಿಸಿತ್ತು."

"ಖರೇ ಹೇಳ್ತಾಳ ಆಕಿ ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತು" ಅಂದೆ.

ಮುಂದಿನಿಂದ ನಾದಿನಿ, ಎರಡು ಗೋಬಿ ಅಂತ ಕೂಗಿದಳು. ದುರುಗಮ್ಮ ಕೈ ತೊಳೆದುಕೊಂಡು ಒಲೆ ಹಚ್ಚಿದಳು, ಎಣ್ಣೆ ಕಾಯಲು ಬಿಟ್ಟಳು. ನನ್ನನ್ನು ಕುಳಿತುಕೋ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಎಣ್ಣೆಯನ್ನೇ ನೋಡುತ್ತ, ಬಹಳ ಮೆಲ್ಲಗೆ, ಬೇರೆ ಯಾರನ್ನೋ ಕೇಳಿದ ಹಾಗೆ ಹೇಳಿದಳು:

"ನಾ ಈಗ ನಮ್ಮವ್ವಗ ಏನಂತ ಹೇಳ್ಲಿ?"

ಅವಳು ಕರಿದು ಮುಗಿಸಿ ಕಿಂಡಿಯಲ್ಲಿ ತಟ್ಟೆ ಚಾಚಿದಳು. ಮತ್ತೆ ನನ್ನ ಕಡೆ ತಿರುಗಲಿಲ್ಲ.